ಇಬ್ಬರೂ ನುಂಗಬೇಕಿದ್ದ ಗುಳಿಗೆ

ಮೊನ್ನೆ ಸೊಸೆ ನೆಲ ಒರೆಸುವ ನೀರಿಗೆ ಗಾಯ ತೊಳೆಯುವ ಔಷಧ ಸುರಿದಳು. ನೀರು ಹಾಲಿನಂತೆ ಬೆಳ್ಳಗಾಗಿ, ಘಾಟು ಮನೆಯೆಲ್ಲ ತುಂಬಿತು. ಯಾದಗಿರಿಯ ಈ ಮನೆಯಲ್ಲಿ ಕೂತಿದ್ದ ನನಗೆ, ಶಹಾಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾದಳು...

ಕಾಲುವೆಗೆ ನೀರು ಬಂದು ಜೋಳದ ಹೊಲಗಳೆಲ್ಲ ಭತ್ತದ ಗದ್ದೆಯಾಗಿದ್ದ ಕಾಲ. ನಾನು ಮದುವೆಯಾಗಿ ಹೊಸದಾಗಿ ಬಂದಿದ್ದೆ. ನಾಟಿ ಹಚ್ಚುವಾಗ ಅಕ್ಕನ ಪಕ್ಕದಲ್ಲೇ ನಿಲ್ಲುತ್ತಿದ್ದೆ. ನನ್ನ ಸಾಲು ಸೊಟ್ಟಗಾದರೆ ಮೊಣಕೈಯಿಂದ ತಿವಿದು ನಗುತ್ತಿದ್ದಳು. ಅವಳ ಗಂಡ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಸುಗ್ಗಿ ಬಂತೆಂದರೆ ಊರೂರು ತಿರುಗುತ್ತಿದ್ದ.

ಆಗ ಅಕ್ಕ ಬಸುರಿ. ಇದ್ದಕ್ಕಿದ್ದಂತೆ ಅವಳು ಸಾಲಿನ ತುದಿಗೆ ಹೋಗಿ ನಿಲ್ಲತೊಡಗಿದಳು. ಬುತ್ತಿ ಉಣ್ಣುವಾಗಲೂ ದೂರ. ಬಟ್ಟೆ ಒಗೆಯಲು ಇಬ್ಬರೇ ಹೋಗಿದ್ದಾಗ ಯಾಕೆಂದು ಕೇಳಿದೆ. ಸೀರೆ ಹಿಂಡುತ್ತ ಹೇಳಿದಳು:

"ಬಿಳಿ ಹೋಗಾಕತ್ತದ ತಂಗಿ. ಹಸರು ಬಣ್ಣ, ನಾತ. ತುರಿಕಿಗಿ ಜೀವಾನೇ ಬ್ಯಾಡಾಗ್ಯದ."

ಗದ್ದೆಯ ಕೆಸರಿನಿಂದ ಬಂದದ್ದೆಂದು ಅವಳ ಅತ್ತೆ ಹೇಳಿದ್ದಳಂತೆ. ನಾತ ಹೋಗಲೆಂದು ಅಕ್ಕ ಗಾಯ ತೊಳೆಯುವ ಔಷಧ ಬೆರೆಸಿದ ಆ ಬೆಳ್ಳನೆಯ ನೀರಿನಿಂದ ದಿನವೂ ಒಳಗೆಲ್ಲ ತೊಳೆದುಕೊಳ್ಳುತ್ತಿದ್ದಳು. ಉರಿ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಆಸ್ಪತ್ರೆಗೆ ಹೋಗಲು ನಾಚಿಕೆ. ಏಳನೇ ತಿಂಗಳಿಗೇ ಹೆರಿಗೆಯಾಗಿ, ಕೂಸು ಉಳಿಯಲಿಲ್ಲ.

ಮೈ ಸ್ವಲ್ಪ ಸುಧಾರಿಸಿದ ಮೇಲೆ ನಾನೇ ಅವಳನ್ನು ಶಹಾಪುರಕ್ಕೆ ಕರೆದೊಯ್ದೆ. ಡಾಕ್ಟರಮ್ಮ ಪರೀಕ್ಷೆ ಮಾಡಿ, ಕೈ ತೊಳೆದು ಬಂದು ಹೇಳಿದರು:

"ಒಳಗ ಸಾಬೂನು, ಔಷಧ ಏನೂ ಹಾಕಬ್ಯಾಡ್ರಿ. ಹೊರಗಷ್ಟಽ ನೀರಿಲೆ ತೊಳ್ಕೋರಿ. ಇದು ಕೆಸರಿಂದ ಬಂದಿದ್ದಲ್ಲ. ಗಂಡ ಹೆಂಡ್ತಿ ಕೂಡಿದಾಗ ಒಬ್ಬರಿಂದ ಒಬ್ಬರಿಗೆ ಬರೋ ರೋಗ. ಇಬ್ರೂ ಗುಳಿಗಿ ನುಂಗಬೇಕು. ಪೂರಾ ವಾಸಿ ಆಗೋತನ ಕೂಡಬ್ಯಾಡ್ರಿ."

"ಕೂಸು ಇದರಿಂದಽ ಹೋತೇನ್ರಿ?" ಅಕ್ಕ ಕೇಳಿದಳು.

"ಹಂಗಂತ ಖಾತ್ರಿ ಹೇಳಾಕ ಬರೂದಿಲ್ಲವ್ವ. ಆದ್ರ ಬಸುರಿದ್ದಾಗ ಈ ರೋಗ ಇದ್ರ, ದಿನ ತುಂಬೂಕಿಂತ ಮೊದ್ಲಽ ಹೆರಿಗಿ ಆಗೂದುಂಟು."

ಇಬ್ಬರ ಗುಳಿಗೆಯನ್ನೂ ಸೆರಗಿಗೆ ಕಟ್ಟಿಕೊಂಡು ಅವಳು ಬಸ್ಸು ಹತ್ತಿದಳು.

ಆ ಸಂಜೆ ಗೋಡೆಯಾಚೆಯಿಂದ ಅವಳ ಗಂಡನ ದನಿ ಕೇಳಿಸಿತು. "ನನಗೇನಾಗ್ಯದ? ಹೆಂಗಸರ ರೋಗಕ್ಕ ನಾ ಗುಳಿಗಿ ನುಂಗಬೇಕೇನು?"

ಅವಳೊಬ್ಬಳೇ ನುಂಗಿದಳು. ತುರಿಕೆ ನಿಂತಿತು. ಮತ್ತೆ ನನ್ನ ಪಕ್ಕಕ್ಕೆ ಬಂದು ನಾಟಿ ಹಚ್ಚಿದಳು. ರಾತ್ರಿ ಅವನು ದೂರವಿರಲಿಲ್ಲ; ಕೆಲವೇ ವಾರಗಳಲ್ಲಿ ಎಲ್ಲ ಮರಳಿ ಶುರುವಾಯಿತು. ಮತ್ತೆ ಡಾಕ್ಟರು, ಮತ್ತೆ ಇಬ್ಬರ ಗುಳಿಗೆ, ಮತ್ತೆ ಅದೇ ಮಾತು...

ಕೊನೆಗೆ ಅವನ ಪಾಲಿನ ಗುಳಿಗೆಯನ್ನು ಅರೆದು ಬೇಳೆ ಸಾರಿಗೆ ಬೆರೆಸಿಬಿಟ್ಟಳು. ಹಾಗೆ ಮಾಡೆಂದು ಡಾಕ್ಟರು ಹೇಳಿರಲಿಲ್ಲ, ನನಗೂ ತಿಳಿಸಿರಲಿಲ್ಲ. ಆ ಗುಳಿಗೆ ವಿಪರೀತ ಕಹಿ. ಮೊದಲ ತುತ್ತಿಗೇ ಉಗುಳಿದ. ಉಣ್ಣುತ್ತಿದ್ದ ಗಂಗಾಳ ಅಂಗಳಕ್ಕೆ ಬಂದು ಬಿತ್ತು. ಅವಳ ಜಡೆ ಹಿಡಿದು ಹೊರಗೆಳೆದ. "ಮಗಗ ಮಾಟದ ಮದ್ದು ಹಾಕ್ಯಾಳ್ರೀ!" ಎಂದು ಅತ್ತೆ ಓಣಿಗೆಲ್ಲ ಕೇಳುವಂತೆ ಕೂಗಿದಳು. ಅದು ಆಸ್ಪತ್ರೆಯ ಗುಳಿಗೆ ಎಂದು ನಾನು ಕಿರುಚಿ ಹೇಳಿದೆ. ಯಾರೂ ಕಿವಿಗೊಡಲಿಲ್ಲ. ಬೆಳಗಾಗುವುದರೊಳಗೆ ಅವಳನ್ನು ತವರು ಹತ್ತಿಕುಣಿಗೆ ಅಟ್ಟಿದರು.

ಒಮ್ಮೆ ಹೋಗಿ ನೋಡಿ ಬಂದೆ. ಅಣ್ಣನ ಮನೆಯ ಪಡಸಾಲೆಯಲ್ಲಿ ಶೇಂಗಾ ಒಡೆಯುತ್ತ ಕೂತಿದ್ದಳು.

"ಯಾದಗಿರಿ ದವಾಖಾನಿಗಿ ಹೋಗಿ ಗುಳಿಗಿ ತಗೊಂಡೆ. ಪೂರಾ ವಾಸಿ ಆತು ತಂಗಿ," ಎಂದಳು. ಆಮೇಲೆ ಕೈ ನಿಲ್ಲಿಸಿ, "ವಾಸಿ ಆಗಿ ಎಲ್ಲಿಗಿ ಹೋಗ್ಲಿ?"



ಅವಳ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ. ವರ್ಷ ತುಂಬುವುದರೊಳಗೆ ಆ ಹುಡುಗಿ ಹಿತ್ತಲ ಗೋಡೆಯ ಬಳಿ ನಿಂತು ಮೆಲ್ಲಗೆ ಕೇಳಿದಳು: "ಅಕ್ಕಾರ, ತುರಿಕಿಗಿ ಏನರ ಔಷಧ ಅದೇನ್ರಿ?" ಅವಳನ್ನೂ ಅದೇ ಡಾಕ್ಟರಮ್ಮನ ಬಳಿಗೆ ಕರೆದೊಯ್ದೆ. ಈ ಸಲ ಅವನೂ ಗುಳಿಗೆ ನುಂಗಿದ. ಉಚ್ಚೆ ಹೊಯ್ಯುವಾಗ ಅವನಿಗೇ ಉರಿ ಶುರುವಾಗಿತ್ತಂತೆ.

ಅಕ್ಕ ಹೋದ ವರ್ಷ ತೀರಿಕೊಂಡಳು. ಮಣ್ಣು ಮಾಡಿದ ಮೇಲೆ ಸುದ್ದಿ ಬಂತು. ಊರಿಗೆ ಹೋದಾಗ ಓಣಿಯ ಕಟ್ಟೆಯ ಮೇಲೆ ಕೂತ ಹೆಂಗಸರಿಗೆ ತಿಳಿಸಿದೆ.

"ಯಾರು? ಗಂಡಗ ಮದ್ದು ಹಾಕಿದಾಕಿನಾ?" ಒಬ್ಬಳು ಕೇಳಿದಳು.

"ಮದ್ದಲ್ಲ, ಔಷಧ," ಎಂದೆ. ಆ ರೋಗ ಯಾವುದು, ಯಾರಿಂದ ಯಾರಿಗೆ ಬಂತು, ಎಲ್ಲ ಬಿಡಿಸಿ ಹೇಳಿದೆ. ಹೆಂಗಸರು ಕೇಳಿಸಿಕೊಂಡರು.

ಕೇಳಬೇಕಾದ ಅಕ್ಕ ಇರಲಿಲ್ಲ.