ಬೈಯುವ ಯಂತ್ರದ ಮುಂದೆ ಅಕ್ಕ

ಕಂಪ್ಯೂಟರಿನ ಸ್ವಿಚ್ ಒತ್ತುವ ಮೊದಲು ಅಕ್ಕ ತಾಳಿಸರವನ್ನು ಹಲ್ಲುಗಳ ನಡುವೆ ಕಚ್ಚಿಕೊಳ್ಳುತ್ತಿದ್ದರು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸಾಲುಸಾಲಾಗಿ ಇಳಿಯುತ್ತಿದ್ದಂತೆ ಸರ ಬಿಗಿಯಾಗಿ ಅವರ ಕುತ್ತಿಗೆಯ ಹಿಂದೆ ಕೆಂಪು ಗೆರೆ ಮೂಡುತ್ತಿತ್ತು. ಕೆಂಪು ಎಂದು ಬರೆದೆ. ಹಿಂದೆ ನಿಂತು ನೋಡುತ್ತಿದ್ದವಳು ನಾನೇ, ಆದರೂ ಬಣ್ಣದ ವಿಷಯದಲ್ಲಿ ನನ್ನ ನೆನಪನ್ನು ನಂಬಲಾರೆ. ಹೆದರಿಕೆಯನ್ನು ಮಾತ್ರ ನಂಬುತ್ತೇನೆ. ಅದು ಇಬ್ಬರಿಗೂ ಇತ್ತು.

ಶಿವಮೊಗ್ಗದ ಒಂದು ಸಣ್ಣ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನಾವಿಬ್ಬರೂ ರಿಪೋರ್ಟ್ ಟೈಪ್ ಮಾಡುತ್ತಿದ್ದೆವು. ತೊಂಬತ್ತರ ದಶಕ ಮುಗಿಯುತ್ತಿತ್ತು. ಹಿರಿಯರೆಂದು ನಾನು ಅಕ್ಕ ಎಂದು ಕರೆಯುತ್ತಿದ್ದ ಅವರು ಭದ್ರಾವತಿಯ ನ್ಯೂ ಟೌನಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಗಂಡನಿಗೆ ಗುತ್ತಿಗೆಯ ಕೆಲಸ ನಿಂತುಹೋಗಿತ್ತು. ಮನೆ ನಡೆಯುತ್ತಿದ್ದದ್ದು ಇವರ ಸಂಬಳದಲ್ಲಿ. ಲ್ಯಾಬಿನ ಡಾಕ್ಟರು ಕೆಲಸಕ್ಕೆ ಸೇರಿಸಿಕೊಂಡ ದಿನವೇ ಹೇಳಿದ್ದರು: "ಮೆಷಿನ್ ಯಾರ ಕೈಲಿ ಕೆಡುತ್ತೋ ಅವರು ಮಾರನೇ ದಿನ ಬರೋದು ಬೇಡ."

ಆ ಮೆಷಿನ್ನೋ, ಎದ್ದ ಕೂಡಲೇ ದೂರು. ಬ್ಯಾಟರಿ ಸತ್ತಿದೆ ಎನ್ನುತ್ತಿತ್ತು. ಫ್ಲಾಪಿ ಡ್ರೈವ್ ಸಿಗುತ್ತಿಲ್ಲ ಎನ್ನುತ್ತಿತ್ತು. ಮುಂದೆ ಹೋಗಬೇಕಾದರೆ ಎಫ್ ಒನ್ ಕೀ ಒತ್ತಿ ಎಂದು ಮಿಣುಕುತ್ತಾ ಕೂರುತ್ತಿತ್ತು. ಮೊದಲ ದಿನ ಅದನ್ನು ನೋಡಿ ನಾನು ವೈರನ್ನೇ ಕೀಳಹೊರಟಿದ್ದೆ. ಅಕ್ಕ ನನ್ನ ಕೈ ಹಿಡಿದರು. ಅವರ ಕೈಯೂ ತಣ್ಣಗಿತ್ತು.

"ಓದೇ ಮಾರಾಯ್ತಿ, ಮೊದ್ಲು ಓದು. ಜೋರಾಗಿ ಓದು."

"ಹೆದರಿಕೆ ಆಗುತ್ತಕ್ಕ."

"ನಂಗೇನು ಆಗಲ್ವಾ? ಹೆದರ್ಕೊಂಡೇ ಓದು."

ಹಾಗೆ ದಿನಾ ಓದಿದೆವು, ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ. ಬ್ಯಾಟರಿಯ ಸಾಲು ಬಂದರೆ ಅಕ್ಕ "ಇದು ನಿನ್ನೆ ಬಂದಿದ್ದೇ, ನಿನ್ನೇದೇ" ಎನ್ನುತ್ತಿದ್ದರು. ಒಳಗಿನ ಗಡಿಯಾರ ನಿಂತಿದೆ, ಅಷ್ಟೇ; ತಾರೀಕನ್ನು ನಾವೇ ಹಾಕಿದರಾಯಿತು. ಫ್ಲಾಪಿಯ ಸಾಲಿಗೆ "ಇದೂ ನಿನ್ನೇದೇ." ಆ ಡ್ರೈವನ್ನು ಯಾರೋ ಯಾವಾಗಲೋ ಬಿಚ್ಚಿಕೊಂಡು ಹೋಗಿದ್ದರು, ಇಲ್ಲದ್ದನ್ನು ಮೆಷಿನ್ನು ಪಾಪ ದಿನಾ ಹುಡುಕುತ್ತಿತ್ತು.

"ನಮ್ಮತ್ತೆ ಇದ್ದಂಗೆ ಇದು. ಎದ್ದ ತಕ್ಷಣ ಬೈಗುಳ, ಆಮೇಲೆ ಕೆಲ್ಸ ಎಲ್ಲ ಮಾಡ್ತಾರೆ. ನಿನ್ನೆ ಬೈದಿದ್ದನ್ನೇ ಇವತ್ತೂ ಬೈದ್ರೆ ಭಯ ಇಲ್ಲ ಕಣೆ. ಹೊಸ ಬೈಗುಳ ಬಂತೋ, ಆಗ ನಿಂತು ಕೇಳ್ಬೇಕು."

ಭಯ ಇಲ್ಲ ಎಂದವರು ಸರ ಕಚ್ಚುವುದನ್ನೇನೂ ಬಿಡಲಿಲ್ಲ.

ಹೊಸ ಬೈಗುಳ ಬಂದದ್ದು ಆಯುಧಪೂಜೆಯ ಮಾರನೆಯ ಬೆಳಿಗ್ಗೆ. ಹಿಂದಿನ ದಿನ ಪೂಜೆ ಮಾಡಿದವರು ಅಕ್ಕ. ಮೈಕ್ರೋಸ್ಕೋಪಿಗೆ, ಪ್ರಿಂಟರಿಗೆ, ಮಾನಿಟರಿಗೆ ಹಚ್ಚಿದ ಹಾಗೆ ಕೀಬೋರ್ಡಿಗೂ ನೀರಿನಲ್ಲಿ ಕಲಸಿದ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು ಕೈಮುಗಿದಿದ್ದರು. ಬೆಳಿಗ್ಗೆ ಹೂ ತೆಗೆದು ಸ್ವಿಚ್ ಒತ್ತಿದರೆ ಮೆಷಿನ್ನು ಕೀಂಯ್ ಎಂದು ಕೂಗತೊಡಗಿತು. ನಿಲ್ಲಲೇ ಇಲ್ಲ. ರಕ್ತ ಕೊಡಲು ಖಾಲಿ ಹೊಟ್ಟೆಯಲ್ಲಿ ಬೆಂಚಿನ ಮೇಲೆ ಕೂತಿದ್ದವರು ಎದ್ದು ಬಾಗಿಲಿಗೆ ಬಂದರು. ಡಾಕ್ಟರೂ ಬಂದರು.

"ನಿನ್ನೆ ಯಾರ್ರೀ ಇದನ್ನ ಮುಟ್ಟಿದ್ದು?"

"ನಾನೇ ಸಾರ್. ಪೂಜೆಗೆ."

"ಪೂಜೆ ಮಾಡ್ರಿ ಅಂದ್ರೆ ತಿಥಿ ಮಾಡಿಟ್ಟಿದೀರಲ್ರೀ!"

ಬಾಗಿಲಲ್ಲಿ ಯಾರೋ ನಕ್ಕರು. ಕೆಲಸ ಹೋಯಿತು ಎಂದು ಅವರೂ ಅಂದುಕೊಂಡರು, ನಾನೂ ಅಂದುಕೊಂಡೆ. ಆದರೂ ಅವರು ಪರದೆಗೆ ಮುಖ ತಂದು ಓದತೊಡಗಿದರು, ಜೋರಾಗಿ, ಒಡೆದ ದನಿಯಲ್ಲಿ.

"ಬ್ಯಾಟರಿ... ನಿನ್ನೇದೇ. ಫ್ಲಾಪಿ... ನಿನ್ನೇದೇ. ಕೀಬೋರ್ಡ್ ಎರರ್..." ನಿಲ್ಲಿಸಿದರು. "ಇದು ಹೊಸದು ಸಾರ್."

ಕೀಬೋರ್ಡನ್ನು ಕಿಟಕಿಯ ಬೆಳಕಿಗೆ ವಾಲಿಸಿದರು. ಕುಂಕುಮದ ನೀರು ಸಂದಿಗೆ ಇಳಿದು ಒಣಗಿ, ಮೂಲೆಯ ಒಂದು ಕೀ ಒಳಗೇ ಅಂಟಿಕೊಂಡಿತ್ತು. ಯಾರೋ ಅದನ್ನು ಒತ್ತಿ ಹಿಡಿದೇ ಇದ್ದಾರೆಂದು ಮೆಷಿನ್ನು ಕೂಗುತ್ತಿತ್ತು. ಸ್ವಿಚ್ ಆರಿಸಿ, ಸೂಜಿ ಚುಚ್ಚುವ ಮೊದಲು ತೋಳಿಗೆ ಒರೆಸುವ ಸ್ಪಿರಿಟ್ಟಿನ ಹತ್ತಿಯಿಂದ ಅಕ್ಕ ಆ ಕೀಯನ್ನು ಒರೆಸಿ ಒರೆಸಿ ಮೇಲೆಬ್ಬಿಸಿದರು. ಮತ್ತೆ ಸ್ವಿಚ್ ಹಾಕಿದಾಗ ಹಳೆಯ ಎರಡು ಬೈಗುಳಗಳು ಮಾತ್ರ ಬಂದವು. ಡಾಕ್ಟರು ಒಳಗೆ ಹೋದರು. ಅಕ್ಕ ಹಿತ್ತಲಿನ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡರು.

ಈ ಘಟನೆಯನ್ನು ಧೈರ್ಯದ ಕಥೆಯಾಗಿ ಹಲವರಿಗೆ ಹೇಳಿದ್ದೇನೆ, ವಾಂತಿಯನ್ನು ಬಿಟ್ಟು. ಬಿಟ್ಟಾಗ ಕಥೆ ಚೆನ್ನಾಗಿರುತ್ತದೆ. ಅಕ್ಕ ಅದರಲ್ಲಿ ಇರುವುದಿಲ್ಲ.

ಕೆಲವು ವರ್ಷಗಳ ಮೇಲೆ ಹೊಸ ಕಂಪ್ಯೂಟರು ಬಂತು. ಅದರಲ್ಲಿ ಸಾಲುಗಳೇ ಇಲ್ಲ. ಒಂದು ಬಣ್ಣದ ಚಿತ್ರ ತೋರಿಸಿ ಸೀದಾ ತೆರೆದುಕೊಳ್ಳುತ್ತಿತ್ತು. ನಾನು ಹಿಗ್ಗಿದೆ. ಅಕ್ಕ ಇನ್ನಷ್ಟು ಕುಗ್ಗಿದರು.

"ಬೈಯೋರ ಹತ್ರ ಬದುಕ್ಬೋದು ಕಣೆ. ಇದು ಬಾಯೇ ಬಿಡಲ್ಲ. ಒಳಗೇನಿದೆಯೋ!"

ಕಂಪ್ಯೂಟರ್ ಕಲಿತ ಹುಡುಗಿಯರು ಆಗಾಗ ಕೆಲಸ ಕೇಳಿಕೊಂಡು ಲ್ಯಾಬಿಗೆ ಬರುತ್ತಿದ್ದರು. ಅವರು ಬಂದುಹೋದ ದಿನ ಅಕ್ಕ ಮಧ್ಯಾಹ್ನದ ಡಬ್ಬಿ ತೆರೆಯುತ್ತಿರಲಿಲ್ಲ. ಮೆಟ್ಟಿಲು ಹತ್ತಿ ಬಂದರೆ ತುಂಬ ಹೊತ್ತು ಏದುಸಿರು. ಒಮ್ಮೆ ರಕ್ತ ಕೊಟ್ಟು ನೋಡಿಸಿಕೊಳ್ಳಿ ಎಂದೆ.

"ಇಲ್ಲಿ ಕೊಟ್ರೆ ರಿಪೋರ್ಟ್ ಡಾಕ್ಟ್ರ ಕಣ್ಣಿಗೆ ಬೀಳುತ್ತೆ. ಹುಷಾರಿಲ್ಲದೋಳನ್ನ ಯಾರು ಇಟ್ಕೋತಾರೆ ಹೇಳು?" ಎಂದು ನನ್ನ ತಲೆಗೆ ಮೊಟಕಿದರು. "ಸುಮ್ನೆ ಟೈಪ್ ಮಾಡೇ."

ಒಂದು ಸೋಮವಾರ ಅಕ್ಕ ಬರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಸೀರೆಯ ನೆರಿಗೆ ಹಿಡಿಯುತ್ತಿದ್ದವರು ಹಾಗೇ ಕುಸಿದರಂತೆ, ಮತ್ತೆ ಏಳಲಿಲ್ಲವಂತೆ. ಹೃದಯ ಎಂದರು.

ನ್ಯೂ ಟೌನಿನ ಅವರ ಮನೆಗೆ ಹೋದೆ. ಗಂಡ ಹೊಸ್ತಿಲ ಹತ್ತಿರ ಕೂತಿದ್ದರು.

"ನಿಮ್ ಹತ್ರ ಏನಾದ್ರೂ ಹೇಳಿದ್ಲೇನಮ್ಮಾ?"

ಹೇಳಿದ್ದರು, ದಿನಾ ಏನಾದರೊಂದು. ಮಂಡಿ ನೋವು. ಬಸ್ಸಿನಲ್ಲಿ ಸೀಟಿಲ್ಲ. ಎದೆ ಉರಿ. ನಿದ್ದೆಯಿಲ್ಲ. ನಾನು ಒಂದೊಂದೇ ಹೇಳುತ್ತಾ ಹೋದೆ. ಅವರು ತಲೆಯಾಡಿಸುತ್ತಾ ಹೋದರು. "ಅದೆಲ್ಲ ಯಾವಾಗ್ಲೂ ಇದ್ದಿದ್ದೇ ಬಿಡಿ."

"ಎಡ ತೋಳು ಜೋಮು ಹಿಡಿಯುತ್ತೆ ಅಂತಿದ್ರು."

ಅವರ ತಲೆಯಾಟ ನಿಂತಿತು.

"ತೋಳಾ? ಅದನ್ನ ನಂಗೆ ಹೇಳಿರ್ಲಿಲ್ಲ. ಯಾವಾಗ ಅಂದಿದ್ದು?"

ಹಿಂದಿನ ವಾರವೋ, ಹಿಂದಿನ ವರ್ಷವೋ, ಅಥವಾ ಆ ಕ್ಷಣದಲ್ಲಿ ನನ್ನ ತಲೆಯೇ ಹುಟ್ಟಿಸಿಕೊಂಡದ್ದೋ, ನನಗೆ ತಿಳಿಯಲಿಲ್ಲ. ಈಗಲೂ ತಿಳಿಯದು. ಅವರು ನನ್ನ ಬಾಯನ್ನೇ ನೋಡುತ್ತಿದ್ದರು.