ಮಗಳ ಮನೆಯ ಕಂದಾಯ

“ಮಾಂಜಿ, ಯೇ ಆಪ್‌ಕಾ ಘರ್ ಹೈ ನಾ?”

ನಗರಸಭೆಯ ಕೌಂಟರಿನಾಚೆ ಕೂತಿದ್ದ ಪಂಜಾಬಿ ಹೆಂಗಸು ಅರ್ಜಿಯಲ್ಲಿದ್ದ ವಿಳಾಸ ತೋರಿಸಿ, ಇದು ನಿಮ್ಮ ಮನೆ ತಾನೇ ಎಂದು ಅಮ್ಮನನ್ನು ಕೇಳಿದಳು. ಕೆನಡಾದ ಸರ್ಕಾರಿ ಕಚೇರಿಯಲ್ಲಿ ಹಿಂದಿ ಕಿವಿಗೆ ಬಿದ್ದ ಖುಷಿಗೋ ಏನೋ, ಅಮ್ಮ ಮುಖವರಳಿಸಿ ಹೇಳಿದಳು: “ನಹೀ ನಹೀ, ಬೇಟೀ ಕಾ ಘರ್. ಹಮ್ ಮೆಹಮಾನ್.” ಅಲ್ಲವಂತೆ, ಮಗಳ ಮನೆಯಂತೆ, ತಾನು ನೆಂಟಳಂತೆ! ವರ್ಷಗಟ್ಟಲೆ ನಮ್ಮ ಜೊತೆಗಿದ್ದು, ಮನೆಪತ್ರದಲ್ಲಿ ಹೆಸರನ್ನೂ ಇಟ್ಟುಕೊಂಡವಳು ಹೀಗೆಂದಾಗ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು.

ಮೈಸೂರಿನಲ್ಲಿ ಮನೆಕಂದಾಯ ಕಟ್ಟುವಾಗ ಆ ಮನೆಯಲ್ಲಿ ಮಲಗುವವರು ಯಾರು ಎಂದು ಯಾರೂ ಕೇಳಿದ್ದನ್ನು ನಾನು ಕಾಣೆ. ದುಡ್ಡು ಕೊಟ್ಟರೆ ರಸೀದಿ ಕೊಡುತ್ತಾರೆ, ಅಷ್ಟೇ. ಇಲ್ಲಿ ಹಾಗಲ್ಲ. ಮಾಲೀಕರಲ್ಲಿ ವಯಸ್ಸಾದವರಿದ್ದು, ಅವರು ಅಲ್ಲೇ ಕಾಯಂ ವಾಸವಾಗಿದ್ದರೆ ಕಂದಾಯದಲ್ಲಿ ಒಂದಿಷ್ಟು ರಿಯಾಯಿತಿ ಉಂಟು. ನಮ್ಮದು ಜಂಟಿ ಮನೆ: ನಾನು, ನನ್ನ ಗಂಡ, ಅಮ್ಮ, ಮೂವರ ಹೆಸರಿನಲ್ಲಿದೆ. ಹಾಗಾಗಿ ಅಮ್ಮನೇ ಬಂದು ‘ನನ್ನ ಮನೆ ಇದೇ’ ಎಂದು ಹೇಳಿ ಸಹಿ ಹಾಕಬೇಕಿತ್ತು.

ತೊಂಬತ್ತರ ದಶಕದಲ್ಲಿ ನಾವು ಬಂದಾಗ ಬೇರೆಯವರ ಬೇಸ್‌ಮೆಂಟಿನಲ್ಲಿದ್ದೆವು. ಅಂದರೆ ನೆಲದಡಿಯ ಮನೆ. ಕಿಟಕಿಯಲ್ಲಿ ದಾರಿಹೋಕರ ಬೂಟುಗಳು ಮಾತ್ರ ಕಾಣುತ್ತಿದ್ದವು. ಅಪ್ಪ ತೀರಿಹೋದ ಮೇಲೆ ಅಮ್ಮ ತನ್ನ ಸೈಟು ಮಾರಿ ಇಲ್ಲಿಗೆ ಬಂದಳು. ಆ ಹಣದ ಬಲದಿಂದಲೇ ನಾವು ಸ್ಟ್ರೀಟ್ಸ್‌ವಿಲ್ ಎಂಬ ಬಡಾವಣೆಯಲ್ಲಿ ನೆಲದ ಮೇಲಿನ ಮನೆ ಕೊಂಡದ್ದು. ಆದರೂ ಒಗ್ಗರಣೆಗೆ ಎರಡು ಮೆಣಸಿನಕಾಯಿ ಬೇಕಾದರೆ “ತಗೊಳ್ಳಲಾ?” ಎಂದು ನನ್ನನ್ನು ಕೇಳುತ್ತಿದ್ದಳು. ಸೀರೆಗಳನ್ನು ಬೀರುವಿನಲ್ಲಿಡದೆ ಸೂಟ್‌ಕೇಸಿನಲ್ಲೇ ಮಡಿಸಿಡುತ್ತಿದ್ದಳು. ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಆ ದಿನ ಕೌಂಟರಿನವಳು, ಮನೆಯಲ್ಲಿ ಮಾತಾಡಿಕೊಂಡು ಬನ್ನಿ ಎಂದು ನಯವಾಗಿಯೇ ಕಳಿಸಿದಳು. ಕಾರು ಹತ್ತಿದ್ದೇ ನಾನು ಸಿಡಿದೆ.

“ನಿನ್ನ ಮನೇನ ನಿನ್ನದು ಅನ್ನೋಕೆ ಏನಮ್ಮ ಕಷ್ಟ?”

“ಮಗಳನ್ನ ಕೊಟ್ಟ ಮನೇನ ನಂದು ಅಂದ್ರೆ ಜನ ಏನಂದಾರು?”

“ಸ್ಟ್ರೀಟ್ಸ್‌ವಿಲ್ಲಲ್ಲಿ ನಿನ್ನ ಜನ ಯಾರಮ್ಮ ಇದಾರೆ?”

“ಅಳಿಯಂದ್ರು ಇದಾರಲ್ಲೇ,” ಎಂದಳು ಮೆತ್ತಗೆ.

ರಿಯಾಯಿತಿ ಹಾಳಾಗಲಿ. ಇಷ್ಟು ವರ್ಷ ಅವಳು ನನ್ನ ಮನೆಯಲ್ಲಿ ಹೊರಡುವ ದಿನ ಕಾಯುತ್ತ ಇದ್ದಳೇ ಎಂಬುದು ನನ್ನನ್ನು ಕೊರೆಯತೊಡಗಿತು. ಒಂದು ವಾರ ನಾವಿಬ್ಬರೂ ಎಷ್ಟು ಬೇಕೋ ಅಷ್ಟೇ ಮಾತಾಡಿದೆವು.

ಗಂಟು ಬಿಡಿಸಿದವನು ನನ್ನ ಗಂಡ. ಅವನು ಒಶಾವಾದ ಕಾರ್ಖಾನೆಯಲ್ಲಿ ಎಂಜಿನಿಯರು. ದಿನಾ ಅಷ್ಟು ದೂರ ಕಾರೋಡಿಸಿಕೊಂಡು ಮನೆಗೆ ಬರುವಷ್ಟರಲ್ಲಿ ಅವನ ಮಾತೆಲ್ಲ ಖರ್ಚಾಗಿರುತ್ತದೆ. ಆ ಸಂಜೆ ಮಾತ್ರ ಸಾರನ್ನ ಕಲಸುತ್ತ, “ಅತ್ತೆ, ನೀವಿಲ್ದೆ ಇದ್ದಿದ್ರೆ ನಾವಿನ್ನೂ ಬೇಸ್‌ಮೆಂಟಲ್ಲೇ ಇರ್ತಿದ್ವಿ. ನೀವಿಲ್ಲಿ ನೆಂಟರು ಅಂದ್ರೆ ನಾನೂ ನೆಂಟನೇ,” ಎಂದ. ಅಮ್ಮ ಅವನ ಅನ್ನಕ್ಕೆ ಇನ್ನೊಂದು ಚಮಚ ತುಪ್ಪ ಹಾಕಿದಳು.

ಮಾರನೆಯ ದಿನ ರೇಷ್ಮೆ ಸೀರೆಯುಟ್ಟು, ಮೇಲೆ ದಪ್ಪ ಜಾಕೆಟ್ಟು ಹಾಕಿಕೊಂಡು, “ನಡಿಯೇ, ಆ ಆಫೀಸಿಗೆ” ಎಂದಳು. ಅದೇ ಹೆಂಗಸು ಅದೇ ಪ್ರಶ್ನೆ ಕೇಳಿದಾಗ ಅಮ್ಮ “ಹಾಂ, ಮೇರಾ ಘರ್!” ಎಂದದ್ದು ಪಕ್ಕದ ಕೌಂಟರಿನವರೂ ತಿರುಗಿ ನೋಡುವಷ್ಟು ಜೋರಾಗಿತ್ತು.

ಹಾಗೆಂದ ಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಡಬ್ಬಿಗಳ ಜಾಗ ಬದಲಾಯಿತು, ದೇವರು ಊಟದ ಕೋಣೆಗೆ ಬಂದರು, ಸೀರೆಗಳು ಬೀರುವಿಗೆ ಹೋದವು. “ಅಜ್ಜಿ ಈಸ್ ದ ಬಾಸ್ ನೌ” ಎಂದಳು ನನ್ನ ಮಗಳು. ನಾನು ಗೆದ್ದೆ ಅಂದುಕೊಂಡೆ.

ಭಾನುವಾರ ಅಮ್ಮ ಮೈಸೂರಿನಲ್ಲಿರುವ ತನ್ನ ತಮ್ಮನಿಗೆ ಫೋನು ಮಾಡಿದಳು. ಅಕ್ಕ ಬಂದಾಗ ಬೇಕಾಗುತ್ತದೆಂದು ಸೋದರಮಾವ ತಮ್ಮ ಮನೆಯ ಮಹಡಿಯ ಕೋಣೆಯೊಂದನ್ನು ಅವಳಿಗಾಗಿಯೇ ಇಟ್ಟಿದ್ದರು. “ಆ ರೂಮನ್ನ ಇನ್ನು ನಿನ್ನ ಸೊಸೆಗೆ ಕೊಟ್ಬಿಡೋ. ನನ್ನ ಮನೆ ಇಲ್ಲೇ,” ಎನ್ನುತ್ತಿದ್ದಳು ಅಮ್ಮ. ಹುಳಿಗೆ ಸೋರೆಕಾಯಿ ಹೆಚ್ಚುತ್ತಿದ್ದ ನನ್ನ ಕೈ ನಿಂತಿತು. ನಾವು ಊರಿಗೆ ಹೋದಾಗಲೆಲ್ಲ ಇಳಿಯುತ್ತಿದ್ದುದು ಆ ಕೋಣೆಯಲ್ಲೇ. ಅದಿರುವ ತನಕ, ನೆಂಟರನ್ನು ಕೇಳುವ ಹಾಗೆ, ಎಷ್ಟು ದಿನಕ್ಕೆ ಬಂದಿರಿ ಎಂದು ಮೈಸೂರಿನಲ್ಲಿ ನಮ್ಮನ್ನು ಯಾರೂ ಕೇಳುವಂತಿರಲಿಲ್ಲ.

“ಬೇಡಮ್ಮ,” ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. “ಕೊಡಬೇಡ ಅನ್ನು.”

ಅಮ್ಮ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದಳು. “ನೀನೇ ಅಲ್ವೇನೇ, ನಂದು ಇದೇ ಮನೆ ಅಂತ ಹೇಳ್ಸಿದ್ದು?”

ನನ್ನ ಕಣ್ಣು ತುಂಬಿಬಂತು. ಅಮ್ಮ ನನ್ನ ಮುಖ ನೋಡಿ, ಅಡ್ಡ ಹಿಡಿದಿದ್ದ ಕೈ ತೆಗೆದಳು.

“ಇರ್ಲಿ ಕಣೋ ಆ ರೂಮು,” ಎಂದಳು ತಮ್ಮನಿಗೆ. “ನಂಗಲ್ಲ. ಇವಳಿಗೆ ಬೇಕಂತೆ.”