ದೊರೆ ಬಂಗಲೆಗೆ ಸುಣ್ಣ ಹೊಡೆದವಳು

ಸುಣ್ಣದ ಕಲ್ಲಿಗೆ ನೀರು ಹೊಯ್ದಾಗ ಕೊತಕೊತ ಕುದಿದು ಮೂಗಿಗೆ ಹತ್ತುವ ಘಾಟು ನಿಮಗೂ ಗೊತ್ತಿರಬೇಕು. ಈಗೆಲ್ಲ ಡಬ್ಬದ ಬಣ್ಣ, ಬಿಡಿ. ನನಗೆ ಆ ಘಾಟೆಂದರೆ ದೇವರಾಯಸಮುದ್ರದ ಹತ್ತಿರದ ದೊರೆ ಬಂಗಲೆ, ಅದರೊಳಗೆ ಸೀರೆ ಎತ್ತಿಕಟ್ಟಿ ನಿಂತ ನನ್ನ ಸೋದರತ್ತೆ ಮುನಿಯಮ್ಮ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಯಾವನೋ ದೊರೆ ಕಟ್ಟಿಸಿದ ಮನೆ. ದೊರೆಗಳು ಹೋದ ಮೇಲೆ ಕಾವಲಿಗಿದ್ದ ನಮ್ಮ ತಾತನ ಸಂಸಾರವೇ ಅಲ್ಲಿ ಉಳಿಯಿತು. ಗೋಡೆಯಲ್ಲಿ ಅರಳಿ ಸಸಿ ಹುಟ್ಟಿದರೆ ಕಿತ್ತವಳು ಅತ್ತೆ, ಬಿರುಕಿಗೆ ಗಾರೆ ಮೆತ್ತಿದವಳು ಅತ್ತೆ. ಯುಗಾದಿ ಬಂತೆಂದರೆ ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿ ಗೋಡೆ, ತೇಗದ ಕಂಬ, ಬಾಗಿಲ ಮೇಲಿನ ಕೆತ್ತನೆ, ಎಲ್ಲಕ್ಕೂ ಬಳಿಯುತ್ತಿದ್ದಳು. ದೊರೆಗಳು ಚಳಿಗೆ ಬೆಂಕಿ ಹಾಕುತ್ತಿದ್ದ ಒಲೆಗೂಡಿನ ಮೇಲಿದ್ದ ಕಲ್ಲಿನ ಸಿಂಹವಂತೂ ಸುಣ್ಣ ಕುಡಿದು ಕುಡಿದು ಬೊಚ್ಚುಬಾಯಿ ಬೆಕ್ಕಾಗಿತ್ತು. ಅದಕ್ಯಾಕೆ ಎಂದು ಕೇಳಿದರೆ ನನ್ನ ಮೇಲೇ ರೇಗುತ್ತಿದ್ದಳು.

"ಸಾವಾದ ಮನೇಗೆ ಕಣೇ ಹಬ್ಬಕ್ಕೆ ಸುಣ್ಣ ಹೊಡೆಯಲ್ಲ! ನಮ್ಮನೇಲಿ ಯಾರ್ ಸತ್ತವ್ರೆ?"

ಹೋದ ವರ್ಷ ಬಂಗಲೆಯನ್ನು ಹಳೆಯ ಕಾಲದಂತೆಯೇ ಉಳಿಸಬೇಕೆಂದು ಸರ್ಕಾರದವರು ನಮ್ಮನ್ನು ಅಲ್ಲಿಂದ ಬಿಡಿಸಿದರು. ಅತ್ತೆ ನನ್ನ ಜೊತೆ ಸುಗಟೂರಿಗೆ ಬಂದಳು. ಸ್ಕೂಲ್ ಮೇಡಂ ಎಂದು ನನ್ನನ್ನು ಬಂಗಲೆಯ ದುರಸ್ತಿ ಕೆಲಸ ನೋಡಲು ಕರೆದಾಗ ತಾನೂ ಹೊರಟಳು, ಪೆಟ್ಟಿಗೆಯ ಸೀರೆ ತೆಗೆದು ಉಟ್ಟುಕೊಂಡು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಮಾತು: "ಇಷ್ಟು ವರ್ಷ ಮನೆ ಕಾಪಾಡ್ದೋಳು ನೀನೇನಮ್ಮ ಅಂತ ಒಂದ್ ಮಾತು ಕೇಳ್ತಾರೆ, ನೋಡ್ತಿರು."

ಬಂಗಲೆಯಲ್ಲಿ ಹಳೆಯ ಕೆತ್ತನೆ ಕಾಣಲೆಂದು ಕೆಲಸದವರು ಸಣ್ಣ ಉಳಿ ಹಿಡಿದು ಸುಣ್ಣ ಹೆರೆಯುತ್ತಿದ್ದರು. ಬೆಂಗಳೂರಿನಿಂದ ಬಂದಿದ್ದ ಇಂಜಿನಿಯರಮ್ಮ ಸಿಂಹದ ಮುಂದೆ ನಿಂತು ತಲೆ ಚಚ್ಚಿಕೊಂಡಳು.

"ಯಾರ್ರೀ ಈ ಅನ್ಯಾಯ ಮಾಡಿರೋದು?"

ಅತ್ತೆ ಬಾಯಿ ತೆರೆದಳು. ಅಷ್ಟು ಜನರ ಮುಂದೆ ನನಗೆ ನಾಚಿಕೆಯಾಯಿತು. ನನ್ನ ನಾಲಿಗೆಗೆ ಬೆಂಕಿ ಬೀಳಲಿ, ನಾನೇ ಮೊದಲು ಹೇಳಿದೆ: "ಯಾರೋ ಬುದ್ಧಿಯಿಲ್ಲದ ಕೂಲಿಯವರು, ಮೇಡಂ."

ಇಂಜಿನಿಯರಮ್ಮ ಆಗಲೇ ಅತ್ತೆಯನ್ನು ಗಮನಿಸಿದ್ದು. "ಅಜ್ಜೀ, ನೀವ್ಯಾರು?"

ಅತ್ತೆ ಸೆರಗು ಸರಿಮಾಡಿಕೊಂಡಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ನಾನಾ? ಕೂಲಿಯೋಳು ಕಣಮ್ಮ."

ಆಮೇಲೆ ಎಂಟು ತಿಂಗಳು ಬದುಕಿದ್ದಳು. ದಿನವೂ ನನಗೆ ಮುದ್ದೆ ತಿರುವಿ ಬಡಿಸಿದಳು, ನಾನು ಉಂಡೆದ್ದ ಮೇಲೆ ಉಂಡಳು. ಮೊದಲಿನಂತೆ ಜೊತೆಗೆ ಕೂರು ಅಂದರೆ ಕೂರಲಿಲ್ಲ.